ಒಳ್ಳೆಯ ಕಣ್ಣನ್ನೇ ಮುಚ್ಚಬೇಕು

ಶಾಲೆಗಳಲ್ಲಿ ಕಣ್ಣಿನ ತಪಾಸಣೆ ಮಾಡುವಾಗ ಮಕ್ಕಳಿಗೆ ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳಲು ನಾನು ಹೇಳುವುದಿಲ್ಲ. ಬೆರಳ ಸಂದಿಯಿಂದ ಇಣುಕಿ ಎಲ್ಲ ಸಾಲನ್ನೂ ಓದಿಬಿಡುತ್ತಾರೆ. ಅಂಟುಪಟ್ಟಿ ಹಾಕಿಯೇ ಒಂದೊಂದು ಕಣ್ಣನ್ನೂ ನೋಡುತ್ತೇನೆ.

ಒಂದನೆಯ ತರಗತಿಯ ಹುಡುಗಿಯೊಬ್ಬಳು ಬಲಗಣ್ಣಿನಿಂದ ಕೊನೆಯ ಸಾಲಿನವರೆಗೂ ಪಟಪಟನೆ ಹೇಳಿದಳು. ಅದನ್ನು ಮುಚ್ಚಿದೊಡನೆ ಕುತ್ತಿಗೆ ವಾರೆ ಮಾಡಿದಳು, ಪಟ್ಟಿಯ ಅಂಚು ಎತ್ತಲು ನೋಡಿದಳು, ಕಡೆಗೆ ಕಿತ್ತೇ ಹಾಕಿದಳು. ಎಡಗಣ್ಣಿನ ದೃಷ್ಟಿ 6/36, ಅಂದರೆ ಸರಿಯಾದ ಕಣ್ಣು 36 ಮೀಟರಿನಿಂದ ಓದುವ ಅಕ್ಷರವನ್ನು ಇವಳು 6 ಮೀಟರಿನಿಂದಷ್ಟೇ ಓದಬಲ್ಲಳು. ಆಸ್ಪತ್ರೆಗೆ ಕರೆಸಿ, ಪಾಪೆ ಹಿಗ್ಗಿಸುವ ಹನಿ ಹಾಕಿ ಪರೀಕ್ಷಿಸಿದಾಗ ಆ ಕಣ್ಣಿಗೆ ಮಾತ್ರ ದೊಡ್ಡ ಪ್ಲಸ್ ಪವರ್ ಇತ್ತು. ಮಸುಕು ಚಿತ್ರ ಕಳಿಸುವ ಕಣ್ಣನ್ನು ಮೆದುಳು ಕಡೆಗಣಿಸುತ್ತಾ ಹೋಗುತ್ತದೆ; ಸೋಮಾರಿ ಕಣ್ಣು ಎನ್ನುವುದು ಇದನ್ನೇ. ಮೆಳ್ಳೆಗಣ್ಣಿನಿಂದಲೂ ಹೀಗಾಗುತ್ತದೆ; ಅದನ್ನು ಅದೃಷ್ಟವೆಂದು ಸುಮ್ಮನಿರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಆದರೆ ಅಲ್ಲಿ ದೋಷವಾದರೂ ಕಣ್ಣಿಗೆ ಬೀಳುತ್ತದೆ. ಇವಳಂಥ ಮಕ್ಕಳಲ್ಲಿ ಹೊರಗೆ ಏನೂ ಗೊತ್ತಾಗುವುದಿಲ್ಲ.

ಮೊದಲು ಕನ್ನಡಕ ಕೊಟ್ಟೆ. ಕೆಲವು ಮಕ್ಕಳಿಗೆ ಅಷ್ಟೇ ಸಾಕು, ಆದ್ದರಿಂದ ಮೂರು–ನಾಲ್ಕು ತಿಂಗಳು ಕಾಯುವುದು ನನ್ನ ಪದ್ಧತಿ. ಇವಳ ಸುಧಾರಣೆ 6/24ಕ್ಕೆ ನಿಂತಿತು. ಪಟ್ಟಿ ಹಾಕೋಣ ಎಂದಾಗ ತಾಯಿ ಗಾಬರಿಯಾದರು: “ಚೆನ್ನಾಗಿರುವ ಕಣ್ಣನ್ನೇ ಮುಚ್ಚುತ್ತೀರಲ್ಲ ಡಾಕ್ಟರೇ!” ನೋಡುವ ಕೆಲಸ ಎಡಗಣ್ಣಿಗೆ ಬೀಳಬೇಕಾದರೆ ಒಳ್ಳೆಯ ಕಣ್ಣನ್ನು ತಡೆಯಲೇಬೇಕು ಎಂದು ವಿವರಿಸಿದೆ. ಈ ಮಟ್ಟದ ದೋಷಕ್ಕೆ ದಿನಕ್ಕೆ 2 ಗಂಟೆಯ ಪಟ್ಟಿ 6 ಗಂಟೆಯಷ್ಟೇ ಫಲ ಕೊಡುತ್ತದೆಂದು 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿದೆ. ಅದರಿಂದ ಎಷ್ಟೋ ಮನೆಗಳ ಜಗಳ ತಪ್ಪಿದೆ. ಪಟ್ಟಿಯನ್ನು ಚರ್ಮಕ್ಕೇ ಅಂಟಿಸಿ ಮೇಲೆ ಕನ್ನಡಕ ಹಾಕಬೇಕು. ಕನ್ನಡಕದ ಗಾಜಿಗೆ ಅಂಟಿಸಿದರೆ ಮಗು ಪಕ್ಕದಿಂದ ನೋಡುತ್ತದೆ.

ಆ ಎರಡು ಗಂಟೆ ಸುಮ್ಮನೆ ಕೂರಿಸಬಾರದು. ತಾಯಿ ಸಂಜೆ ಹೂ ಕಟ್ಟುತ್ತಿದ್ದರು. ಮಲ್ಲಿಗೆ ಮೊಗ್ಗುಗಳನ್ನು ಜೋಡಿ ಜೋಡಿಯಾಗಿ ಎತ್ತಿಕೊಡುವ ಕೆಲಸ ಮಗಳಿಗೆ ಕೊಡಿ ಎಂದೆ. ಮೊದಮೊದಲು ತೊಟ್ಟು ಯಾವುದು, ತುದಿ ಯಾವುದು ತಿಳಿಯದೆ ತಿರುವುಮುರುವು ಕೊಡುತ್ತಿದ್ದಳಂತೆ, ಅಳುತ್ತಿದ್ದಳಂತೆ. ಪಟ್ಟಿಗೆ ಒಪ್ಪದೇ ಹೋದರೆ ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಮಸುಕು ಮಾಡುವ ದಾರಿಯೂ ಇದೆ, ಇವಳಿಗೆ ಬೇಕಾಗಲಿಲ್ಲ.

ದೃಷ್ಟಿ 6/9ಕ್ಕೆ ಬಂದ ಮೇಲೆ ಪಟ್ಟಿಯ ಹೊತ್ತನ್ನು ಸ್ವಲ್ಪಸ್ವಲ್ಪವೇ ಇಳಿಸಿದೆ. ಬಿಟ್ಟ ಮೇಲೂ ದೃಷ್ಟಿ ಮತ್ತೆ ಕುಸಿಯಬಹುದು, ಆದ್ದರಿಂದ ತಪಾಸಣೆಗೆ ಬರುತ್ತಿರಲೇಬೇಕು. ಒಡಹುಟ್ಟಿದವರಲ್ಲೂ ಈ ದೋಷ ಇರುವುದುಂಟು. ಮುಂದಿನ ಸಲ ತಮ್ಮನನ್ನೂ ಕರೆತರಲು ಹೇಳಿದ್ದೇನೆ.