ದಾಳಿಂಬೆ ಕಡ್ಡಿ ಚಿಗುರಿ ಒಣಗೋದು ಕೊನೆಗೂ ನಿಂತಿತು

ನಮ್ಮ ಕುಷ್ಟಗಿ ಬಿಸಿಲಿಗೆ ನೆಟ್ಟ ದಾಳಿಂಬೆ ಕಡ್ಡಿ ಬೇಗ ಚಿಗುರುತ್ತವೆ, ಆಮೇಲೆ ಒಣಗುತ್ತವೆ. ಕಿತ್ತು ನೋಡಿದರೆ ಬೇರೇ ಇಲ್ಲ! ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದಲೇ ಎಲೆ ಬಂದಿರುತ್ತದೆ, ನೀರು ಎಳೆಯೋಕೆ ಬೇರಿಲ್ಲ, ಎಲೆಯಿಂದ ಮಾತ್ರ ನೀರು ಆರಿ ಹೋಗುತ್ತಲೇ ಇರುತ್ತದೆ, ಅದೇ ಕಾರಣ.

ಈ ಸಲ ಬೇಸಿಗೆ ಬಿಟ್ಟು ಚಳಿ ಶುರುವಾದಾಗ ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿ ತೆಗೆದುಕೊಂಡೆ. ಗೆಣ್ಣಿನ ಕೆಳಗೇ ಕತ್ತರಿಸಿ, ಐಬಿಎ ಅನ್ನೋ ಹಾರ್ಮೋನ್ ಇರುವ, ಬೇರು ಬರಿಸುವ ಪುಡಿ ಹಚ್ಚಿ, ಮರಳು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ತುಂಬಿದ ಚೀಲದಲ್ಲಿ ಅರ್ಧಕ್ಕಿಂತ ಜಾಸ್ತಿ ಊರಿದೆ. ಎರೆ ಮಣ್ಣು ಬೇಡವೇ ಬೇಡ, ನೀರು ಹಿಡಿದು ಬುಡ ಕೊಳೆಯುತ್ತದೆ. ಶೇಡ್ ನೆಟ್ ಕೆಳಗಿಟ್ಟು ಪ್ಲಾಸ್ಟಿಕ್ ಹೊದಿಸಿದೆ. ಈಗ ಚೀಲದ ತೂತಿನಲ್ಲಿ ಬಿಳಿ ಬೇರು ಕಾಣುತ್ತಿದೆ, ತುಂಬಾ ಖುಷಿ. ರೋಗವಿರುವ ಗಿಡದ ಕಡ್ಡಿ ಮಾತ್ರ ತರಬೇಡಿ, ದುಂಡಾಣು ಅಂಗಮಾರಿ ಜೊತೆಗೇ ಬರುತ್ತದೆ.