ಜಾವಾದಲ್ಲಿ ಬ್ಲಾಗ್ ಸಾಫ್ಟ್‌ವೇರ್: ಕಟ್ಟೋದು, ಕಾಪಾಡೋದು

ವಾರವಿಡೀ ಪುಣೆಯ ಐಟಿ ಕಂಪನಿಗಳ ಜಾಗವಾದ ಹಿಂಜೆವಾಡಿಯಲ್ಲಿ ದುಡಿದು, ಶನಿವಾರ ಪುಣೆಯ ಮನೆಯಲ್ಲಿ ಕೂತು ಓಪನ್ ಸೋರ್ಸ್ ಕೋಡ್ ಬರೆಯುವ ಗೆಳೆಯರಿಗೆ ನಾನು ಮೊದಲು ಹೇಳುವುದು: ಅಪಾಚೆ ರೋಲರ್‌ನ ಕೋಡ್ ಒಮ್ಮೆ ಓದಿ. ಅದು ಜಾವಾದ ಹಳೆಯ ಬ್ಲಾಗ್ ಸರ್ವರ್, 2002ರಿಂದ ಇದೆ.

ಹೊಸದಾಗಿ ಶುರು ಮಾಡುವುದಾದರೆ ಜಾವಾ 21, ಸ್ಪ್ರಿಂಗ್ ಬೂಟ್ (ಜಾವಾದ ವೆಬ್ ಫ್ರೇಮ್‌ವರ್ಕ್), ಪೋಸ್ಟ್‌ಗ್ರೆಸ್ (ಡೇಟಾಬೇಸ್) ಸಾಕು. ಕೋಡನ್ನು ಬೇರೆಯವರು ಹೇಗೆ ಬಳಸಬಹುದು ಎಂದು ಹೇಳುವ ಲೈಸೆನ್ಸ್ ಫೈಲ್ ಮೊದಲ ದಿನವೇ ಹಾಕಿ. ಅದಿಲ್ಲದೆ ಸುಮ್ನೆ ಕೋಡ್ ಎಲ್ಲರಿಗೂ ಕಾಣುವಂತೆ ಇಟ್ಟರೆ ಓಪನ್ ಸೋರ್ಸ್ ಆಗುವುದಿಲ್ಲ.

ಜಾಸ್ತಿ ಗಮನ ಬೇಕಾದದ್ದು ಬ್ಲಾಗ್ ಬರಹದ ತಲೆಬರಹದಿಂದಲೇ ಅದರ ಲಿಂಕ್ (ವೆಬ್ ವಿಳಾಸ) ತಯಾರಿಸುವ ಜಾಗದಲ್ಲಿ. ನಾನು ರೆಜೆಕ್ಸ್‌ನಲ್ಲಿ (ಪಠ್ಯದಲ್ಲಿ ಬೇಕಾದ್ದನ್ನು ಹುಡುಕುವ ಸೂತ್ರ) ಯೂನಿಕೋಡ್‌ನ ಅಕ್ಷರದ ಗುಂಪು 'ಎಲ್' (L) ಒಂದನ್ನೇ ಉಳಿಸಿದ್ದೆ. 'ಪುಣೆಯಲ್ಲಿ ಮಳೆ' ಹೋಗಿ 'ಪಣಯಲಲ-ಮಳ' ಆಯಿತು! ನಮ್ಮ ಗುಣಿತದ ಚಿಹ್ನೆ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ (್) ಎಲ್ಲ 'ಎಂ' (M) ಗುಂಪಿನವು, ಅದನ್ನೂ ಸೇರಿಸಬೇಕು. 'ೊ' ಒಂದೇ ಕೋಡ್ ಆಗಿಯೂ ಬರಬಹುದು, ಎರಡಾಗಿಯೂ ಬರಬಹುದು, ಕಣ್ಣಿಗೆ ಎರಡೂ ಒಂದೇ ಅಲ್ವಾ, ಆದರೆ ಡೇಟಾಬೇಸ್‌ಗೆ ಬೇರೆ ಬೇರೆ; ಹಾಗಾಗಿ ಉಳಿಸುವ ಮೊದಲು ಜಾವಾದ ನಾರ್ಮಲೈಸರ್‌ನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಕೂಡಿಸಿದ ಒಂದೇ ಕೋಡಿನ ರೂಪಕ್ಕೆ, ತನ್ನಿ.

ಓದುಗರು ಕಾಮೆಂಟಿನಲ್ಲಿ ಬರೆದ ಎಚ್‌ಟಿಎಂಎಲ್ ಅನ್ನು, ಅಪಾಯದ ಕೋಡ್ ಉಳಿಯದಂತೆ, ಜೆಸೂಪ್ ಎಂಬ ಜಾವಾ ಲೈಬ್ರರಿಯಲ್ಲಿ ಸೋಸಿ.

ಡೇಟಾಬೇಸಿನ ಟೇಬಲ್ ಬದಲಾವಣೆಗೆ ಫ್ಲೈವೇ ಎಂಬ ಟೂಲ್ ಬಳಸಿ; ಪ್ರತಿ ಬದಲಾವಣೆಯನ್ನೂ ಅದು ಒಂದು ಮೈಗ್ರೇಶನ್ ಫೈಲಿನಿಂದ ಓಡಿಸುತ್ತದೆ. ಬಿಡುಗಡೆಯಾದ ಮೈಗ್ರೇಶನ್ ಫೈಲನ್ನು ಮಾತ್ರ ಮುಟ್ಟಬೇಡಿ: ಫೈಲ್ ಬದಲಾಗಿದೆಯೇ ಎಂದು ನೋಡುವ ಚೆಕ್‌ಸಮ್ ಸಂಖ್ಯೆ ತಪ್ಪಿ, ಹಳೆಯ ಬಳಕೆದಾರರ ಅಪ್‌ಗ್ರೇಡ್ ಅಲ್ಲೇ ನಿಲ್ಲುತ್ತದೆ. ಹೊಸ ಫೈಲ್ ಸೇರಿಸಿ, ಹಳೆಯ ಡೇಟಾಬೇಸಿನ ಪ್ರತಿಯ ಮೇಲೆ ಓಡಿಸಿ ನೋಡಿ, ಆಮೇಲೆ ಬಿಡುಗಡೆ ಮಾಡಿ.