ಏರ್‌ಗನ್ ಮನೆಗೆ ತಂದಾಗ ನಾನು ಮಾಡಿಕೊಂಡ ಕಟ್ಟುಪಾಡು

ನನ್ನ ಹತ್ತಿರ ಏರ್‌ಗನ್ ಇದೆ ಅಂತ ಗೊತ್ತಾದರೆ ಬೆಳಗಾವಿಯಲ್ಲಿ ಜನ ಎರಡು ಪ್ರಶ್ನೆ ಕೇಳೇ ಕೇಳುತ್ತಾರೆ. ಲೈಸೆನ್ಸ್ ಬೇಕಾ? ಆನ್‌ಲೈನಿನಲ್ಲಿ ಕಾಣುವ ಏರ್‌ಸಾಫ್ಟ್ ಪಿಸ್ತೂಲು, ಅಂದರೆ ಅಸಲಿಯ ಹಾಗೆ ಕಾಣುವ ಪ್ಲಾಸ್ಟಿಕ್ ಗುಂಡಿನ ಪಿಸ್ತೂಲು, ತರಿಸಬಹುದಾ? ತಂದ ಮೇಲೆ ಎಲ್ಲಿ ಇಡಬೇಕು, ಎಲ್ಲಿ ಹೊಡೆಯಬೇಕು ಅಂತ ಕೇಳುವವರು ಕಡಿಮೆ. ನನಗೆ ಅದೇ ಮುಖ್ಯ. ಆದರೂ ಕಾನೂನಿನಿಂದ ಶುರು ಮಾಡುತ್ತೇನೆ. ನಾನೂ ಅಲ್ಲಿಂದಲೇ ಶುರು ಮಾಡಿದ್ದು.

ಗುರಿ ಹೊಡೆಯುವ ಹುಚ್ಚು ನನಗೆ ಹಳೆಯದು. ಚಿಕ್ಕವನಿದ್ದಾಗ ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿ ಬಿಟ್ಟು ಕದಲುತ್ತಿರಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ರೈಫಲ್‌ನಲ್ಲಿ ಕಂಚು ಗೆದ್ದಾಗ, ಇನ್ನು ಸುಮ್ನೆ ಕೂರುವುದು ಬೇಡ ಅನಿಸಿತು. ಅವರ ಸ್ಪರ್ಧೆ 50 ಮೀಟರಿನದು, ನಿಜವಾದ ಗುಂಡಿನದು. ನಮ್ಮಂಥವರಿಗೆ 10 ಮೀಟರ್ ಏರ್ ರೈಫಲ್ ಸಾಕು. ಹಿತ್ತಿಲಿನಲ್ಲೇ ಅಭ್ಯಾಸ ಮಾಡಬಹುದು.

ಅಂಗಡಿಗೆ ಹೋಗುವ ಮೊದಲು 1959ರ ಆಯುಧ ಕಾಯ್ದೆ ಓದಿದೆ. ಅದರಲ್ಲಿ ಬಂದೂಕು ಅನ್ನುವುದಕ್ಕೆ ಕೊಟ್ಟ ಅರ್ಥ ಬಹಳ ಅಗಲ. ಮದ್ದಿನಿಂದಾಗಲಿ, ಬೇರೆ ಯಾವುದೇ ಶಕ್ತಿಯಿಂದಾಗಲಿ ಗುಂಡು ಹಾರಿಸುವ ಸಾಧನ ಅದರಲ್ಲಿ ಬರುತ್ತದೆ. ಸ್ಪ್ರಿಂಗು, ಗಾಳಿ, ಗ್ಯಾಸು ಎಲ್ಲ ಆ ಬೇರೆ ಶಕ್ತಿಗಳೇ. ಆಟಿಕೆಗೆ ವಿನಾಯಿತಿ ಇದೆ. ಆದರೆ ಆಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಾರದ, ನಿಜವಾದ ಆಯುಧವಾಗಿ ಮಾರ್ಪಡಿಸಲೂ ಆಗದ ವಸ್ತುವಿಗೆ ಮಾತ್ರ. ಡಬ್ಬಿಯ ಮೇಲೆ ‘ಟಾಯ್’ ಅಂತ ಬರೆದ ಮಾತ್ರಕ್ಕೆ ಅದು ಆಟಿಕೆ ಆಗುವುದಿಲ್ಲ. ಈ ಒಂದು ಅಂಶ ಗೊತ್ತಿಲ್ಲದೆ ಎಷ್ಟೋ ಹುಡುಗರು ದುಡ್ಡು ಹಾಕಿ ಕೂತಿದ್ದಾರೆ.

ಏರ್‌ಗನ್ನಿಗೆ 2016ರ ಆಯುಧ ನಿಯಮಗಳಲ್ಲಿ ಎರಡು ಅಳತೆ ಇವೆ. ನಳಿಗೆಯ ಒಳ ಅಗಲ 0.177 ಇಂಚು, ಅಂದರೆ 4.5 ಮಿ.ಮೀ. ಛರ್ರಾ, ಅಂದರೆ ಏರ್‌ಗನ್ನಿನ ಸಣ್ಣ ಗುಂಡು, ಹೊರಬೀಳುವಾಗಿನ ಶಕ್ತಿ 20 ಜೂಲ್. ಇವೆರಡೂ ಮಿತಿಯೊಳಗಿದ್ದರೆ ಲೈಸೆನ್ಸ್ ಬೇಡ. 0.22 ಇಂಚಿನದು ನೋಡಲು ಹಾಗೇ ಇದ್ದರೂ ಲೈಸೆನ್ಸ್ ಬೇಕು.

ಈಗ ಏರ್‌ಸಾಫ್ಟ್‌ಗೆ ಬನ್ನಿ. ಅದರಲ್ಲಿ ಹಾಕುವುದು 6 ಮಿ.ಮೀ. ಪ್ಲಾಸ್ಟಿಕ್ ಗುಂಡು. ಶಕ್ತಿ ಕಡಿಮೆ: 0.20 ಗ್ರಾಮಿನ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋದರೆ ಸರಿಯಾಗಿ 1 ಜೂಲ್. ನನ್ನ ರೈಫಲಿನ ಸೀಸದ ಛರ್ರಾ ಅರ್ಧ ಗ್ರಾಮಿಗಿಂತ ತುಸು ಜಾಸ್ತಿ, ಸುಮಾರು 175 ಮೀಟರ್ ವೇಗ, ಲೆಕ್ಕ ಹಾಕಿದರೆ 8 ಜೂಲ್ ಆಸುಪಾಸು. ಹಾಗಾಗಿ ಏರ್‌ಸಾಫ್ಟ್‌ಗೆ ಬಲ ಕಡಿಮೆ, ಒಪ್ಪಿದೆ. ಆದರೆ 6 ಮಿ.ಮೀ. ನಳಿಗೆ 4.5ರ ಗೆರೆ ದಾಟಿತು, ಅಲ್ವಾ? ಬ್ರಿಟನ್ನಿನಲ್ಲಿ ಏರ್‌ಸಾಫ್ಟ್‌ಗೆಂದೇ ಮಿತಿ ಇದೆ, ಒಂದೊಂದೇ ಹೊಡೆಯುವುದಕ್ಕೆ 2.5 ಜೂಲ್, ಒಂದೇ ಸಮನೆ ಹೊಡೆಯುವುದಕ್ಕೆ 1.3. ಜಪಾನಿನಲ್ಲಿ ಸುಮಾರು 1 ಜೂಲ್. ಅಲ್ಲಿನ ವಿಡಿಯೋ ನೋಡಿ ಇಲ್ಲೂ ಹಾಗೇ ಅಂದುಕೊಳ್ಳುವುದೇ ತೊಂದರೆಯ ಮೂಲ. ಆಟದ ಬಂದೂಕು ಅಂತ ಗುರುತಿಸಲು ಅಮೆರಿಕದಲ್ಲಿ ನಳಿಗೆಗೆ ಹಾಕುವ ಕಿತ್ತಳೆ ತುದಿಯ ಮಾತೂ ಅಷ್ಟೇ. ಅದು ಅವರ ಕಾನೂನು. ಇಲ್ಲಿ ತುದಿಗೆ ಬಣ್ಣ ಬಳಿದರೆ ನಿಮಗೆ ಯಾವ ರಕ್ಷಣೆಯೂ ಸಿಗುವುದಿಲ್ಲ.

ನನ್ನ ಅಕ್ಕನ ಮಗ ಇಲ್ಲೇ ಎಂಜಿನಿಯರಿಂಗ್ ಓದುತ್ತಾನೆ. ಮೊಬೈಲಿನಲ್ಲಿ ಒಂದು ವಿದೇಶಿ ಏರ್‌ಸಾಫ್ಟ್ ಪಿಸ್ತೂಲಿನ ಚಿತ್ರ ತೋರಿಸಿ, "ಮಾಮಾ, ಇದು ಆಟದ ಸಾಮಾನ ಐತಿ, ಇದಕ್ಯಾಕ ಲೈಸೆನ್ಸ?" ಅಂದ. ಲೋಹದ ಮೈ, ಮ್ಯಾಗಜೀನು, ಹಿಂದಕ್ಕೆ ಸರಿಯುವ ಸ್ಲೈಡು, ತೂಕ ಕೂಡ ಅಸಲಿಯದೇ. "ಇದನ್ನ ಹಿಡಕೊಂಡು ಚನ್ನಮ್ಮ ಸರ್ಕಲ್‌ನಾಗ ನಿಂತ್ರ ಪೊಲೀಸರಿಗೆ ಇದು ಆಟದ್ದು ಅಂತ ಹೆಂಗ ಗೊತ್ತಾಗಬೇಕು?" ಅಂತ ಕೇಳಿದೆ. ಸುಮ್ಮನಾದ. ಆಮೇಲೆ ಇಬ್ಬರೂ ಕೂತು ಕಾಯ್ದೆಯ ಎರಡು ಕಲಂ ಓದಿದೆವು. 10ನೇ ಕಲಂ: ಹೊರದೇಶದಿಂದ ಆಯುಧ ತರಿಸಲು ಲೈಸೆನ್ಸ್ ಬೇಕು. 6ನೇ ಕಲಂ: ನಕಲಿ ಬಂದೂಕನ್ನು ಅಸಲಿ ಮಾಡಲು ಹೋದರೆ ಅದಕ್ಕೂ ಲೈಸೆನ್ಸ್ ಬೇಕು, ಇಲ್ಲದಿದ್ದರೆ ಅಪರಾಧ. ಹೆದರಿಸಲು ತೋರಿಸಿದರೆ ಅದು ಆಟಿಕೆಯೇ ಆಗಿದ್ದರೂ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ, ಬೆದರಿಕೆ ಪ್ರಕರಣ, ಬರುತ್ತದೆ. ಎದುರಿನವನ ಭಯ ಅಸಲಿ ತಾನೇ? ಅಕ್ಕನ ಮಗ ಆ ಪಿಸ್ತೂಲು ತರಿಸಲಿಲ್ಲ. ನನಗೆ ಬಹಳ ಸಮಾಧಾನ ಆಯಿತು.

ನಾನು ಕೊಂಡದ್ದು 4.5 ಮಿ.ಮೀ. ಏರ್ ರೈಫಲ್, ಆಯುಧ ಮಾರುವ ಲೈಸೆನ್ಸ್ ಇರುವ ಅಂಗಡಿಯಲ್ಲಿ. ಅಂಗಡಿಯವರು ಆಧಾರ್ ಪ್ರತಿ ತೆಗೆದುಕೊಂಡು ರಿಜಿಸ್ಟರಿನಲ್ಲಿ ಬರೆದುಕೊಂಡರು. ಬಿಲ್ಲಿನ ಮೇಲೆ ಸೀರಿಯಲ್ ನಂಬರು, ನಳಿಗೆಯ ಅಳತೆ, ಶಕ್ತಿ 20 ಜೂಲ್‌ಗಿಂತ ಕಡಿಮೆ ಎಂಬುದು, ಈ ಮೂರನ್ನೂ ಕೇಳಿ ಬರೆಸಿಕೊಂಡೆ. ಆ ಬಿಲ್ಲಿನ ಜೆರಾಕ್ಸು ರೈಫಲಿನ ಚೀಲದಲ್ಲೇ ಇರುತ್ತದೆ. ನೀವು ಹಳೆಯದು ಕೊಂಡರೂ ಬಿಲ್ಲು ಬಿಡಬೇಡಿ. ಸ್ಪ್ರಿಂಗು ಬದಲಿಸಿ ‘ಪವರ್ ಜಾಸ್ತಿ’ ಮಾಡಿಕೊಡುತ್ತೇವೆ ಅನ್ನುವ ಮೆಕ್ಯಾನಿಕ್‌ಗಳಿರುತ್ತಾರೆ. ಹತ್ತಿರಕ್ಕೂ ಹೋಗಬೇಡಿ. 20 ಜೂಲ್ ದಾಟಿದ ಕ್ಷಣ ನಿಮ್ಮ ಕೈಯಲ್ಲಿರುವುದು ಲೈಸೆನ್ಸಿಲ್ಲದ ಬಂದೂಕು.

ಹಿತ್ತಿಲಿನ ಕೆಲಸಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ನಮ್ಮ ಮನೆ ಖಾನಾಪುರ ರಸ್ತೆ ಕಡೆ, ಹಿಂದೆ ಎತ್ತರದ ಕಲ್ಲಿನ ಗೋಡೆ ಇದೆ. ಗೋಡೆ ಇದೆ ಅಂತ ನಂಬಿ ಕೂರುವ ಹಾಗಿಲ್ಲ, ಕಲ್ಲಿಗೆ ಬಡಿದ ಛರ್ರಾ ಎತ್ತ ಬೇಕಾದರೂ ಹಾರುತ್ತದೆ. ಅದಕ್ಕೆ ಬಡಗಿ ಹತ್ತಿರ ಒಂದು ಮರದ ಪೆಟ್ಟಿಗೆ ಮಾಡಿಸಿದೆ, ಮುಂದಿನ ಬಾಯಿ ತೆರೆದದ್ದು. ಒಳಗೆ ದಪ್ಪ ಉಕ್ಕಿನ ತಗಡು, ಮೇಲ್ತುದಿ ನನ್ನ ಕಡೆ ಬಾಗಿ, ಕೆಳತುದಿ ಹಿಂದಕ್ಕೆ ಹೋಗುವ ಹಾಗೆ ಓರೆಯಾಗಿ ಕೂರಿಸಿದ್ದು. ಛರ್ರಾ ಅದಕ್ಕೆ ಬಡಿದು ಅಪ್ಪಚ್ಚಿಯಾಗಿ ಕೆಳಗಿನ ಮರಳಿನ ತಟ್ಟೆಗೆ ಬೀಳುತ್ತದೆ. ಗುರಿ ಕಾಗದ ಪೆಟ್ಟಿಗೆಯ ಬಾಯಿಗೆ ಅಂಟಿಸುತ್ತೇನೆ. ಪೆಟ್ಟಿಗೆ ತಪ್ಪಿ ಹೋದದ್ದಕ್ಕೆ ಹಿಂದೆ ಅವ್ವನ ಹಳೆಯ ದಪ್ಪ ಕೌದಿಗಳನ್ನು ಒಂದರ ಹಿಂದೆ ಒಂದು ಸಡಿಲವಾಗಿ ಇಳಿಬಿಟ್ಟಿದ್ದೇನೆ. ಬಿಗಿಯಾಗಿ ಕಟ್ಟಿದರೆ ಹರಿದು ಹೋಗುತ್ತದೆ, ಸಡಿಲ ಬಿಟ್ಟರೆ ಬಟ್ಟೆ ಹಿಂದಕ್ಕೆ ತೂಗಿ ಛರ್ರಾದ ಬಲ ಹೀರುತ್ತದೆ. ಉಕ್ಕಿನ ಗುಂಡು ಮಾತ್ರ ಈ ಪೆಟ್ಟಿಗೆಗೆ ಬೇಡ. ಸೀಸ ಚಪ್ಪಟೆಯಾಗುತ್ತದೆ, ಉಕ್ಕು ಪುಟಿದು ವಾಪಸ್ ಕಣ್ಣಿಗೇ ಬರುತ್ತದೆ. ಏರ್‌ಸಾಫ್ಟಿನ ಪ್ಲಾಸ್ಟಿಕ್ ಗುಂಡೂ ತಗಡಿನಿಂದ ಪುಟಿಯುತ್ತದೆ, ಅದಕ್ಕೆ ಕೌದಿಯೊಂದೇ ಸಾಕು.

ಕಣ್ಣಿನ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಹೊಡೆಯುವವನಿಗೆ, ನೋಡುವವನಿಗೆ, ಹಿತ್ತಿಲಿಗೆ ಕಾಲಿಟ್ಟ ಪ್ರತಿಯೊಬ್ಬರಿಗೂ ಪಾಲಿಕಾರ್ಬೊನೇಟ್ ಕನ್ನಡಕ. ಜಾತ್ರೆಯ ತಂಪು ಕನ್ನಡಕ ಒಡೆದು ಚೂರೇ ಕಣ್ಣಿಗೆ ಹೋಗುತ್ತದೆ. 1 ಜೂಲ್ ಚರ್ಮಕ್ಕೆ ಚುರುಕ್ ಅನಿಸಿದರೆ ಹೆಚ್ಚು, ಕಣ್ಣುಗುಡ್ಡೆಗೆ ಅದೇ 1 ಜೂಲ್ ದೃಷ್ಟಿ ಕಳೆಯಲು ಸಾಕು. ಸೀಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಯಾರೂ ಅವಲಕ್ಕಿಗೆ ಕೈ ಹಾಕುವ ಹಾಗಿಲ್ಲ. ಅಭ್ಯಾಸ ಮುಗಿದ ಮೇಲೆ ರೈಫಲ್ ಒಂದು ಕಪಾಟಿನಲ್ಲಿ, ಛರ್ರಾ ಡಬ್ಬಿ ಇನ್ನೊಂದರಲ್ಲಿ, ಎರಡಕ್ಕೂ ಬೀಗ. ಕೀಲಿ ನನ್ನ ಹತ್ತಿರ.

ನೆರೆಮನೆಯವರಿಗೆ ಮೊದಲೇ ಹೇಳಿದೆ. ಪಕ್ಕದ ಮನೆಯ ಕಾಕಾ ನಿವೃತ್ತ ಸುಬೇದಾರರು. ಅವರೇ ಬಂದು ಪೆಟ್ಟಿಗೆಯ ಹಿಂದೆ, ಮೇಲೆ, ಪಕ್ಕಕ್ಕೆ ಏನಿದೆ ಅಂತ ನೋಡಿ, "ಹಿತ್ತಿಲ ಬಾಗಲಾ ಹಾಕ್ಕೊಂಡು ಹೊಡೀರಿ, ಸಣ್ಣ ಹುಡುಗರು ಓಡಿ ಬರ್ತಾವ" ಅಂದರು. ಅಂದಿನಿಂದ ಒಳಗಿನಿಂದ ಚಿಲಕ ಹಾಕಿದ ಮೇಲೆಯೇ ಚೀಲ ಬಿಚ್ಚುವುದು.

ರಸ್ತೆಯಲ್ಲಿ ಒಯ್ಯುವಾಗ ಚೀಲದಲ್ಲಿ, ಛರ್ರಾ ಹಾಕದೆ, ಜಿಪ್ ಎಳೆದು. ಬೆಳಗಾವಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಊರು. ಕ್ಯಾಂಪ್ ಪ್ರದೇಶದ ಮೂಲಕ ಬಂದೂಕಿನ ಆಕಾರದ ವಸ್ತು ತೆರೆದು ಹಿಡಿದು ಹೋಗುವುದು ತಲೆ ಕೆಟ್ಟವರ ಕೆಲಸ. ಗಣೇಶ ವಿಸರ್ಜನೆ, ನವೆಂಬರ್ 1ರ ಮೆರವಣಿಗೆ, ಚುನಾವಣೆ, ನಿಷೇಧಾಜ್ಞೆ ಇರುವ ದಿನಗಳಲ್ಲಿ ರೈಫಲ್ ಮನೆ ಬಿಟ್ಟು ಹೊರಡುವುದಿಲ್ಲ. ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋಗುವವರು ಗಮನಿಸಿ, ಅಸಲಿಯ ಹಾಗೆ ಕಾಣುವ ಆಟಿಕೆ ಪಿಸ್ತೂಲನ್ನೂ ಕೈಚೀಲದಲ್ಲಿ ಬಿಡುವುದಿಲ್ಲ. ರೀಲ್ಸ್ ಮಾಡುವುದಂತೂ ನಮ್ಮ ಮನೆಯಲ್ಲಿ ಪೂರ್ತಿ ಬಂದ್. 2019ರ ತಿದ್ದುಪಡಿಯ ನಂತರ ಸಂಭ್ರಮಕ್ಕೆಂದು ಬಂದೂಕು ಹಾರಿಸಿ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮದುವೆ ಮೆರವಣಿಗೆಗೆ ‘ಸುಮ್ನೆ ಶೋಗೆ’ ಕೊಡ್ರಿ ಅಂತ ಕೇಳಿದವರಿಗೆ ಇದನ್ನೇ ಹೇಳಿ ಕಳಿಸಿದ್ದೇನೆ.

ಹಕ್ಕಿಗಳ ಮಾತು ಹೇಳದೆ ಬಿಡಲಾರೆ. ನಮ್ಮ ಹಳ್ಳಿಗಳಲ್ಲಿ ಏರ್‌ಗನ್ ಅಂದರೆ ಬೆಳವ ಹೊಡೆಯುವ ಬಂದೂಕು ಅಂತಲೇ ಲೆಕ್ಕ. ಗೋಕಾಕ ಕಡೆ ಘಟಪ್ರಭಾ ಪಕ್ಷಿಧಾಮ ಇದೆ, ಬಾಗಲಕೋಟೆ ಜಿಲ್ಲೆಯಲ್ಲಿ ಯಡಹಳ್ಳಿಯ ಚಿಂಕಾರ ಧಾಮ ಇದೆ. ಧಾಮದ ಗಡಿ ದಾಟಿ ಹೊರಗೆ ಬಂದ ಹಕ್ಕಿಗೂ 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ, ನವಿಲಿಗಂತೂ ಮೊದಲ ಅನುಸೂಚಿಯ ರಕ್ಷಣೆ. ಮೊದಲು ಕಾಗೆ ಉಪದ್ರವಿ ಜೀವಿಗಳ ಪಟ್ಟಿಯಲ್ಲಿತ್ತು, 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಏರ್‌ಗನ್ನಿಗೆ ಲೈಸೆನ್ಸ್ ಬೇಡ ಅನ್ನುವುದು ಬೇಟೆಗೆ ಪರವಾನಗಿ ಅಲ್ಲ. ಅರುಣಾಚಲ ಪ್ರದೇಶದಲ್ಲಿ 2021ರಿಂದ ಜನರೇ ಏರ್‌ಗನ್ ತಂದು ಸರ್ಕಾರಕ್ಕೆ ಒಪ್ಪಿಸುವ ಅಭಿಯಾನ ನಡೆದಿದೆ. ಹಕ್ಕಿಗಳೇ ಇಲ್ಲದ ಕಾಡು ನೋಡಿದ ಮೇಲೆ ಶುರುವಾದದ್ದು ಅದು. ನಮ್ಮ ಕಡೆ ಅಲ್ಲಿಯತನಕ ಕಾಯಬೇಕಾ?

ಅಕ್ಕನ ಮಗ ಈಗ ರಜೆಯಲ್ಲಿ ನನ್ನ ಜೊತೆ ಹಿತ್ತಿಲಿನಲ್ಲಿ ನಿಲ್ಲುತ್ತಾನೆ. 10 ಮೀಟರ್ ರೈಫಲ್ ಗುರಿಯ ನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅದಕ್ಕೆ ಮುಟ್ಟಿಸಲು ಉಸಿರು ಅರ್ಧ ಬಿಟ್ಟು ಹಿಡಿಯಬೇಕು, ಟ್ರಿಗರ್ ಎಳೆಯದೆ ನಿಧಾನ ಒತ್ತಬೇಕು, ಛರ್ರಾ ಹೋದ ಮೇಲೂ ಒಂದು ಕ್ಷಣ ಹಾಗೇ ನಿಲ್ಲಬೇಕು. ಅವನ ಗೆಳೆಯರು ಮಾತ್ರ ಗುಂಪು ಕಟ್ಟಿ ಆಡುವ ಆಟದ ಆಸೆ ಬಿಟ್ಟಿಲ್ಲ. ಬಣ್ಣದ ಪ್ಲಾಸ್ಟಿಕ್ಕಿನ, ಎರಡು ಹೆಜ್ಜೆ ದೂರದಿಂದಲೇ ಆಟಿಕೆ ಅಂತ ಗೊತ್ತಾಗುವ ಫೋಮ್ ಗುಂಡಿನ ಬಂದೂಕು ತನ್ನಿ, ಗೋಡೆ ಇರುವ ಖಾಸಗಿ ಜಾಗ ನೋಡಿ, ಜಾಗದ ಯಜಮಾನರ ಒಪ್ಪಿಗೆ ಪಡೆಯಿರಿ, ಕನ್ನಡಕ ಎಲ್ಲರಿಗೂ ತನ್ನಿ ಅಂದಿದ್ದೇನೆ. ಜಾಗ ಹುಡುಕುತ್ತಿದ್ದಾರೆ. ಸಿಕ್ಕರೆ ಮೊದಲ ದಿನ ನಾನೂ ಹೋಗಿ ನಿಲ್ಲುತ್ತೇನೆ ಅಂತ ಹೇಳಿದ್ದೇನೆ.